ಕಾರಣ ಬೇರೆ, ತಪ್ಪು ಬೇರೆ

'ಏಕೆ' ಎಂಬ ನಮ್ಮ ಪುಟ್ಟ ಮಾತಿನೊಳಗೆ ಎರಡು ಪ್ರಶ್ನೆಗಳು ಅಡಗಿವೆ. 'ಹಾಲು ಏಕೆ ಒಡೆಯಿತು?' ಎಂದಾಗ ನಾವು ಕಾರಣ ಕೇಳುತ್ತೇವೆ. 'ಹಾಲು ಏಕೆ ಉಕ್ಕಿಸಿದೆ?' ಎಂದು ಸೊಸೆಯನ್ನು ಕೇಳಿದಾಗ ಅಲ್ಲಿ ಕಾರಣ ನೆಪ ಮಾತ್ರ, ಹುಡುಕುವುದು ತಪ್ಪನ್ನು. ಅಡುಗೆಮನೆಯಲ್ಲಿ ಇವೆರಡೂ ಕಲಸಿಹೋದರೆ ಒಂದು ಹೊತ್ತಿನ ಮುನಿಸಿನಲ್ಲಿ ಮುಗಿದೀತು. ಕಾಯಿಲೆಯ ವಿಷಯದಲ್ಲಿ ಕಲಸಿಹೋದರೆ?

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಗೃಹಿಣಿಯೊಬ್ಬರಿಗೆ ಸ್ತನ ಕ್ಯಾನ್ಸರ್ ಆಯಿತು. ನೋಡಲು ಹೋದವರೆಲ್ಲ 'ನಿಮಗೇ ಏಕೆ ಬಂತೋ!' ಎಂದರು. ಒಬ್ಬರಿಗೆ ಅದು ಹಿಂದಿನ ಜನ್ಮದ ಪಾಪ, ಇನ್ನೊಬ್ಬರಿಗೆ ನಾಗದೋಷ. 'ಎಲ್ಲವನ್ನೂ ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗಿದಿರಿ, ಅದಕ್ಕೇ' ಎಂದು ಮತ್ತೊಬ್ಬರ ತೀರ್ಪು. ಕ್ಯಾನ್ಸರ್ ವೈರಸ್ಸಿನಿಂದಲೂ ಬರುತ್ತದೆಂದು ಎಲ್ಲೋ ಕೇಳಿದ್ದ ಮನೆಯವರು ಅವರ ತಟ್ಟೆ ಲೋಟಗಳನ್ನು ಬೇರೆ ಇಟ್ಟರು. ಆಕೆ ನನ್ನೊಡನೆ ಹೇಳಿಕೊಂಡದ್ದು ಇಷ್ಟೇ: "ನೋವು ತಡೆದುಕೊಳ್ಳಬಹುದು ಟೀಚರ್, ಆ ಲೋಟ ನೋಡುವುದಕ್ಕಾಗುವುದಿಲ್ಲ."

ಶಾಲೆಯಲ್ಲಿ ನಾನು ಹೇಳುವುದು ಕನ್ನಡ ಮತ್ತು ಸಮಾಜ ಪಾಠ. ಆದರೂ ಆ ಮಾತು ಕೇಳಿದ ಮೇಲೆ ಈ ವೈರಸ್ಸಿನ ಕಥೆಯನ್ನು ಹುಡುಕಿ ಓದಿದೆ.

1911ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್ ಎಂಬ ವಿಜ್ಞಾನಿ ಕೋಳಿಯೊಂದರ ಗಡ್ಡೆಯನ್ನು ಅರೆದು, ಜೀವಕೋಶಗಳು ದಾಟಲಾರದಷ್ಟು ಸೂಕ್ಷ್ಮವಾಗಿ ಸೋಸಿ, ಆ ರಸವನ್ನು ಬೇರೆ ಕೋಳಿಗಳಿಗೆ ಚುಚ್ಚಿದ್ದನ್ನು ಪ್ರಕಟಿಸಿದರು. ಅವಕ್ಕೂ ಗಡ್ಡೆ ಬಂದಿತ್ತು. ರಸದಲ್ಲಿದ್ದುದು ವೈರಸ್. ಈ ಕೆಲಸಕ್ಕೆ ಅವರಿಗೆ ನೊಬೆಲ್ ದೊರೆತದ್ದು 1966ರಲ್ಲಿ, 87ನೆಯ ವಯಸ್ಸಿನಲ್ಲಿ! ಅಂತೂ ಶತ್ರು ಹೊರಗಿನವನು ಎಂದು ತೋರಿತು. ಆದರೆ 1976ರಲ್ಲಿ ಮೈಕೆಲ್ ಬಿಷಪ್, ಹೆರಾಲ್ಡ್ ವಾರ್ಮಸ್ ಮತ್ತು ಅವರ ಸಂಗಡಿಗರು ಅದೇ ವೈರಸ್ಸಿನ ಕ್ಯಾನ್ಸರ್ ವಂಶವಾಹಿಯನ್ನು ಹುಡುಕಿದಾಗ, ಅದರ ಮೂಲ ರೂಪ ಆರೋಗ್ಯವಾಗಿದ್ದ ಕೋಳಿಗಳಲ್ಲೇ ಸಿಕ್ಕಿತು. ವೈರಸ್ ಅದನ್ನು ಎಂದೋ ಕೋಳಿಯಿಂದಲೇ ಕದ್ದಿತ್ತು. ಅಂಥ ವಂಶವಾಹಿಗಳು ನಮ್ಮೊಳಗೂ ಇವೆ. ಇವರಿಬ್ಬರಿಗೆ 1989ರಲ್ಲಿ ನೊಬೆಲ್ ಬಂತು.

ಹಾಗಾದರೆ ಅವು ನಮ್ಮ ಮೈಯಲ್ಲಿ ಮಾಡುವ ಕೆಲಸವೇನು? 1983ರಲ್ಲಿ ಒಂದು ಉತ್ತರ ಸಿಕ್ಕಿತು. ಕೋತಿಯ ಗಡ್ಡೆಯಿಂದ ದೊರೆತ ಇನ್ನೊಂದು ವೈರಸ್ಸಿನ ಕ್ಯಾನ್ಸರ್ ವಂಶವಾಹಿ ತಯಾರಿಸುವ ಪ್ರೋಟೀನನ್ನು, ಮನುಷ್ಯರ ರಕ್ತದ ಪ್ಲೇಟ್‌ಲೆಟ್‌ಗಳಲ್ಲಿರುವ ಒಂದು ಪ್ರೋಟೀನಿನೊಡನೆ ಎರಡು ತಂಡಗಳು ಹೋಲಿಸಿ ನೋಡಿದವು: ಅಮೆರಿಕದ ರಸೆಲ್ ಡೂಲಿಟ್ಲ್ ಅವರದೊಂದು, ಇಂಗ್ಲೆಂಡಿನ ಮೈಕೆಲ್ ವಾಟರ್‌ಫೀಲ್ಡ್ ಅವರದೊಂದು. ಎರಡೂ ಪ್ರೋಟೀನುಗಳು ಹೆಚ್ಚುಕಡಿಮೆ ಒಂದೇ! ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡಾಗ ನಾವು ಅರಿಶಿನ ಒತ್ತಿ ಕೆಲಸಕ್ಕೆ ಮರಳುತ್ತೇವಷ್ಟೆ. ಆಗ ಒಳಗೆ ಪ್ಲೇಟ್‌ಲೆಟ್‌ಗಳು ಈ ಪ್ರೋಟೀನನ್ನು ಬಿಡುಗಡೆ ಮಾಡಿ, 'ಬನ್ನಿ, ಬೆಳೆಯಿರಿ, ಗಾಯ ಮುಚ್ಚಿರಿ' ಎಂದು ಸುತ್ತಲಿನ ಜೀವಕೋಶಗಳಿಗೆ ಹೇಳಿ ಕಳಿಸುತ್ತವೆ. ವಿಜ್ಞಾನಿಗಳು ಇಂಥವನ್ನು 'ಗ್ರೋತ್ ಫ್ಯಾಕ್ಟರ್' ಎನ್ನುತ್ತಾರೆ; ನಾವು ಬೆಳವಣಿಗೆಯ ಕರೆ ಎನ್ನೋಣ. ಗಾಯ ಮಾಯುತ್ತಲೇ ಕರೆ ನಿಲ್ಲುತ್ತದೆ. ವೈರಸ್ ಹೊಕ್ಕ ಜೀವಕೋಶದಲ್ಲಿ ಅದು ನಿಲ್ಲುವುದೇ ಇಲ್ಲ.

ಇಂಥ ಕರೆಯೊಂದನ್ನು ಮೊದಲು ಗುರುತಿಸಿದ್ದರಲ್ಲಿ ಒಬ್ಬ ಹೆಣ್ಣುಮಗಳ ಪಾಲಿದೆ. ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿ ಯಹೂದಿ ಎಂಬ ಕಾರಣಕ್ಕೆ ಕೆಲಸ ಕಳೆದುಕೊಂಡು, ಮಲಗುವ ಕೋಣೆಯಲ್ಲೇ ಕೋಳಿಮೊಟ್ಟೆಯ ಭ್ರೂಣಗಳನ್ನಿಟ್ಟುಕೊಂಡು ಪ್ರಯೋಗ ನಡೆಸಿದವರು. ಮುಂದೆ ಅಮೆರಿಕದಲ್ಲಿ, ಇಲಿಯ ಗಡ್ಡೆಯ ಚೂರನ್ನು ಭ್ರೂಣಕ್ಕೆ ಕಸಿ ಮಾಡಿದಾಗ ನರತಂತುಗಳು ಹುಲುಸಾಗಿ ಹಬ್ಬುವುದನ್ನು ಅವರು ಕಂಡರು. ನರಗಳನ್ನು ಬೆಳೆಸುವ ಕರೆಯ ಸುಳಿವು ಸಿಕ್ಕಿದ್ದು ಗಡ್ಡೆಯಲ್ಲಿ! 1986ರ ನೊಬೆಲನ್ನು ಅವರು ಸ್ಟ್ಯಾನ್ಲಿ ಕೋಹೆನ್ ಜೊತೆ ಹಂಚಿಕೊಂಡರು.

ಮನುಷ್ಯರ ಬಹುಪಾಲು ಕ್ಯಾನ್ಸರ್‌ಗಳಲ್ಲಿ ವೈರಸ್ಸಿನ ಪಾತ್ರವೇ ಇಲ್ಲ. ನಮ್ಮದೇ ವಂಶವಾಹಿಗಳು ವಯಸ್ಸಿನಿಂದ, ಹೊಗೆಸೊಪ್ಪಿನಿಂದ, ಕೆಲವೊಮ್ಮೆ ಬರಿಯ ನಕಲಿನ ತಪ್ಪಿನಿಂದ ಕೆಡುತ್ತವೆ. ಗರ್ಭಕೊರಳಿನ ಕ್ಯಾನ್ಸರಿನಂಥ ಕೆಲವು ವೈರಸ್ಸಿನಿಂದ ಬರುವುದು ನಿಜ. ಅದಕ್ಕೆ ಲಸಿಕೆಯೂ ಇದೆ. ಆದರೆ ಸ್ತನ ಕ್ಯಾನ್ಸರ್ ಲೋಟದಿಂದ ಅಂಟುವುದಿಲ್ಲ.

ಈಗ ಹೇಳಿ, ಗಾಯ ಮಾಯಿಸುವ ಗುಣವೇ ಹದ ತಪ್ಪಿ ಗಡ್ಡೆಯಾಗುವುದಾದರೆ ಇದರಲ್ಲಿ ಪಾಪ ಯಾವುದು? ಬೆಳೆಯಲು, ಮಾಯಲು ಬಲ್ಲ ಮೈಗೆ ಮಾತ್ರ ಈ ಅಪಾಯ. 'ಅತಿಯಾದರೆ ಅಮೃತವೂ ವಿಷ' ಎಂದು ಇದರಿಂದ ನೀತಿ ತೆಗೆಯುವ ಆಸೆ ನನ್ನಂಥ ಮೇಷ್ಟರಿಗೆ ಆಗುವುದು ಸಹಜ. ಆದರೆ ಜೀವಕೋಶಕ್ಕೆ ದುರಾಸೆ ಎಲ್ಲಿಯದು? ಆ ಗಾದೆಯನ್ನು ನಮಗೆ ನಾವು ಹೇಳಿಕೊಳ್ಳಬಹುದು. ರೋಗಿಯ ಹಾಸಿಗೆಯ ಪಕ್ಕ ಕುಳಿತು ಹೇಳಬಾರದು.

ಹಾಗಾದರೆ ಹೊಗೆಸೊಪ್ಪು ಅಗಿದು ಬಾಯಿ ಕ್ಯಾನ್ಸರ್ ತಂದುಕೊಂಡವರ ಮಾತೇನು, ಅದೂ ಅವರ ತಪ್ಪಲ್ಲವೆ ಎಂದು ನೀವು ಕೇಳಬಹುದು. ಪ್ರಶ್ನೆ ಕಠಿಣವಾದದ್ದೇ. ಕಾರಣ ಅವರ ಕೈಯಲ್ಲಿತ್ತು ನಿಜ. 'ಇನ್ನಾದರೂ ಬಿಡಿ' ಎನ್ನುವುದು ನಮ್ಮ ಕರ್ತವ್ಯ. 'ಅನುಭವಿಸಲಿ' ಎನ್ನುವ ಹಕ್ಕು ಮಾತ್ರ ನಮಗಿಲ್ಲ. ಮೊದಲ ಮಾತಿನಲ್ಲಿ ಕಾರಣದ ಅರಿವಿದೆ, ಎರಡನೆಯದರಲ್ಲಿ ಶಿಕ್ಷೆಯ ಸಂತೋಷವಿದೆ. ಹೀಗೆ ಶಿಕ್ಷೆ ವಿಧಿಸುವ ಲೋಕಕ್ಕೆ ಹೆದರಿಯೇ ಅಲ್ಲವೆ, ಎಷ್ಟೋ ಹೆಂಗಸರು ಎದೆಯ ಗಂಟನ್ನು ಸೆರಗಿನ ಮರೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಡುವುದು?

ಕಾರಣ ಕೇಳುವ 'ಏಕೆ' ಔಷಧಿಯನ್ನೂ ಕೊಟ್ಟಿತು. ಬೆಳವಣಿಗೆಯ ಕರೆಯನ್ನು ಒಳಗೆ ದಾಟಿಸುವ 'ಹರ್-2' ಎಂಬ ಪ್ರೋಟೀನ್ ಕೆಲವರ ಸ್ತನ ಕ್ಯಾನ್ಸರಿನಲ್ಲಿ ಮಿತಿಮೀರಿರುತ್ತದೆ. ಅದನ್ನು ತಡೆಯುವ ಟ್ರಾಸ್ಟುಜುಮಾಬ್ ಎಂಬ ಔಷಧಿಗೆ 1998ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ತಪ್ಪು ಹುಡುಕುವ 'ಏಕೆ'ಯಿಂದ ಇದುವರೆಗೆ ಯಾರ ಗಡ್ಡೆಯೂ ಕರಗಿಲ್ಲ.

ಕಾರಣ ಹುಡುಕುವ ಕೆಲಸವನ್ನು ವೈದ್ಯರು ಮಾಡಲಿ. ಕಾಯಿಲೆಯವರನ್ನು ನೋಡಲು ಹೋದಾಗ ನಾವು ಕೇಳಬೇಕಾದದ್ದು ಬೇರೆಯೇ ಇದೆ. 'ಮುಂದೆ ಆಸ್ಪತ್ರೆಗೆ ಯಾವತ್ತು ಹೋಗಬೇಕು? ಜೊತೆಗೆ ನಾನು ಬರಲೇ?'