ಪೆಟ್ಟಿಗೆಯೊಳಗಿನ ಜಿನಬಿಂಬ

ಅಧ್ಯಾಪನದ ಮೊದಲ ಉದ್ಯೋಗ ದೊರೆತು ಮಾಲ್ದೀವ್ಸಿಗೆ ಹೊರಡುವವರ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪೂಜಾವಿಗ್ರಹಗಳನ್ನು ಒಳತರುವುದನ್ನು ಆ ದೇಶ ನಿಷೇಧಿಸಿದೆ. ಆದರೂ ತಾಯಿಯ ಮನಸ್ಸು ಮಗಳ ಬಟ್ಟೆಗಳ ನಡುವೆ ಅಂಗುಲದಷ್ಟು ಪಾರ್ಶ್ವನಾಥ ಬಿಂಬವೊಂದನ್ನು ಅಡಗಿಸಿಡಬಯಸುತ್ತದೆ. ಭಕ್ತಿಯಿಂದ ಮಾಡಿದ ಈ ಮರೆ ದೋಷವೇ?

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳೊಳಗೆ ವಿರುದ್ಧರಾಜ್ಯಾತಿಕ್ರಮವನ್ನು, ಎಂದರೆ ರಾಜ್ಯನಿಯಮದ ಉಲ್ಲಂಘನೆಯನ್ನು, ಎಣಿಸಿದ್ದಾರೆ. ಕಳ್ಳತೂಕವೂ ಅದೇ ಸಾಲಿನಲ್ಲಿದೆ. ವರ್ತಕರಾದ ನಮಗೆ ತೂಕ ನೆನಪಿರುತ್ತದೆ, ರಾಜ್ಯನಿಯಮ ಮರೆತುಹೋಗುತ್ತದೆ! ಲಾಭಕ್ಕಾಗಿ ಸುಂಕ ತಪ್ಪಿಸುವವನಿಗೂ ಭಕ್ತಿಗಾಗಿ ಬಿಂಬ ಅಡಗಿಸುವವಳಿಗೂ ಭಾವಭೇದವುಂಟು, ನಿಜ. ಆದರೆ ಸುಂಕದ ಅಧಿಕಾರಿಯ ಎದುರು ಆಡಬೇಕಾದ ಸುಳ್ಳು ಒಂದೇ. ಬಿಂಬವನ್ನು ಇಟ್ಟವಳು ತಾಯಿ. ಸುಳ್ಳನ್ನು ಆಡಬೇಕಾದವಳು ನಾಳೆ ತರಗತಿಯಲ್ಲಿ ನಿಲ್ಲಬೇಕಾದ ಮಗಳು.

ಆ ನಿಷೇಧ ನ್ಯಾಯವೆಂದು ನಾನು ಹೇಳಲಾರೆ. ಒಪ್ಪದವರು ಹೋಗದಿರಬಹುದು, ಹೋಗುವವರು ತಿಳಿದೇ ಹೋಗಬೇಕು. ದ್ರವ್ಯಪೂಜೆಗೆ ಬಿಂಬ ಬೇಕು, ಸಾಮಾಯಿಕಕ್ಕೆ ಬೇಡ. ಹೊರಡುವ ಮೊದಲೇ 48 ನಿಮಿಷ ಒಬ್ಬಳೇ ಕುಳಿತು ಪಂಚನಮಸ್ಕಾರ ಜಪಿಸುವ ರೂಢಿಯನ್ನು ಮಗಳಿಗೆ ಮಾಡಿಸಿರಿ. ಬಿಂಬ ಮನೆಯಲ್ಲಿಯೇ ಇರಲಿ. ಅದರ ನಿತ್ಯಪೂಜೆಯನ್ನು ಮನೆಯವರು ನಡೆಸಲಿ.