ತಟ್ಟೆಯ ಮೇಲೆ ಯಾರ ಅಧಿಕಾರ?

ಹದಿಹರೆಯದ ಮಕ್ಕಳು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂಬುದನ್ನು ನಿರ್ಧರಿಸುವವರು ಯಾರು? ತಂದೆ-ತಾಯಿ ಎಂದು ನಾವು ಥಟ್ಟನೆ ಹೇಳುತ್ತೇವೆ. ಆದರೆ ಅನೇಕ ಮನೆಗಳಲ್ಲಿ ಅಪ್ಪಣೆ ಕೊಡುತ್ತಿರುವುದು ಹೆತ್ತವರ ಇಂದಿನ ವಿವೇಕವಲ್ಲ. ಅವರು ಬೆಳೆದು ಬಂದ ಮನೆಯ ನೆನಪು.

ಶಿಡ್ಲಘಟ್ಟದ ರೇಷ್ಮೆ ನೂಲುವ ಕುಟುಂಬಗಳನ್ನೇ ನೋಡಿರಿ. ಗೂಡು ಬೇಯಿಸುವ ಬಿಸಿನೀರಿನ ಮುಂದೆ ಬಾಲ್ಯ ಕಳೆದು, ಅರೆಹೊಟ್ಟೆಯಲ್ಲಿ ಮಲಗಿದ ತಂದೆಗೆ ಮಗನ ತಟ್ಟೆಯಲ್ಲಿ ಒಂದು ಅಗುಳು ಉಳಿದರೂ ಸಹಿಸಲಾಗದು. ಹೊಟ್ಟೆ ತುಂಬಿದ ಮಗನಿಗೂ ಬಲವಂತ ನಡೆಯುತ್ತದೆ. ಗೌರಿಬಿದನೂರು, ಚಿಂತಾಮಣಿಯ ಕಡೆ ರಾಗಿಮುದ್ದೆಯನ್ನು ಬಡತನದ ಗುರುತೆಂದು ಉಂಡು ಬೆಳೆದವರು, ಕೈಯಲ್ಲಿ ನಾಲ್ಕು ಕಾಸು ಸೇರಿದೊಡನೆ ಮುದ್ದೆಯನ್ನೇ ಅಡುಗೆಮನೆಯಿಂದ ಹೊರಹಾಕುತ್ತಾರೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಬೆಳೆಯುವ ಮೂಳೆಗೆ ಬೇಕಾದದ್ದು ಅದೇ. ಇನ್ನು ಬೆಳಗಾಗುತ್ತಲೇ ಕೂಲಿಗೋ ಗಾರ್ಮೆಂಟ್ಸಿಗೋ ಹೊರಡುವ ತಾಯಿ ಮಗನ ಕೈಗೆ ಬೇಕರಿಯ ಕಾಸು ಕೊಟ್ಟರೆ, ಅದು ಪ್ರೀತಿಯ ಕೊರತೆಯಲ್ಲ, ಸಮಯದ ಕೊರತೆ. ಅವಳನ್ನು ದೂರುವ ಹಕ್ಕು ನೆರೆಯವರಿಗಿಲ್ಲ.

ಅತ್ಯಂತ ನೋವಿನ ಸಂಗತಿ ಹೆಣ್ಣುಮಕ್ಕಳದು. ಸೊಸೆಯಾಗಿ ಕೊನೆಗೆ ಉಂಡ ತಾಯಿ ಮಗಳನ್ನೂ ಕೊನೆಗೇ ಕೂರಿಸುತ್ತಾಳೆ; ಮಾಂಸದ ತುಂಡು ಅಣ್ಣನಿಗೆ, ಸಾರು ತಂಗಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿದೆ, ಹುಡುಗರಲ್ಲಿ ಶೇ. 31. ದೇಹಧರ್ಮವೂ ಇದಕ್ಕೆ ಕಾರಣವೆಂಬುದು ನಿಜ. ಹಾಗಾದರೆ ಹೆಚ್ಚು ಬೇಕಾದವಳಿಗೆ ಕಡಿಮೆ ಬಡಿಸುವುದು ಯಾವ ನ್ಯಾಯ? ಒಬ್ಬ ಮಗನಿಗೆ ಮಾತ್ರ ಕೊಡುಗೆ ನೀಡಿದ ತಂದೆಗೆ, ಮಕ್ಕಳ ನಡುವೆ ನ್ಯಾಯ ಪಾಲಿಸುವಂತೆ ಪ್ರವಾದಿ(ಸ) ಆಜ್ಞಾಪಿಸಿದ್ದರು. ಅನ್ನದ ವಿಷಯದಲ್ಲಿ ಆ ನ್ಯಾಯ ಬೇಡವೇ?

ಹಾಗೆಂದು ಮಕ್ಕಳನ್ನು ಅವರ ಪಾಡಿಗೆ ಬಿಟ್ಟುಬಿಡಬೇಕೆ? ಖಂಡಿತ ಇಲ್ಲ. ತಮ್ಮ ಆಶ್ರಯದಲ್ಲಿದ್ದ ಬಾಲಕ ಉಮರ್ ಬಿನ್ ಅಬೀ ಸಲಮಾ(ರ)ರ ಕೈ ತಟ್ಟೆಯ ಎಲ್ಲ ಕಡೆ ಓಡಾಡಿದಾಗ ಪ್ರವಾದಿ(ಸ) ಮೂರೇ ಮಾತು ಕಲಿಸಿದರು: ಅಲ್ಲಾಹನ ಹೆಸರು, ಬಲಗೈ, ತನ್ನ ಮುಂದಿನದು. ಆ ಬಾಲಕ ಮುಂದೆ ಹಾಗೆಯೇ ಉಂಡರು. ಅದು ಶಿಸ್ತು.

ಇನ್ನೊಂದು ಘಟನೆ ನೋಡಿರಿ. ಪ್ರವಾದಿವರ್ಯರ(ಸ) ಮುಂದೆ ಉಡವನ್ನು ಹೋಲುವ ಮರುಭೂಮಿಯ ಪ್ರಾಣಿಯ ಮಾಂಸವನ್ನಿಟ್ಟಾಗ ಅವರು ಕೈ ಹಿಂತೆಗೆದರು. ನಿಷಿದ್ಧವೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದರು. ಅಲ್ಲ, ನಮ್ಮ ಜನರ ನಾಡಿನಲ್ಲಿ ಇದಿಲ್ಲ, ಆದುದರಿಂದ ತಮಗೆ ಒಗ್ಗದು ಎಂಬರ್ಥದಲ್ಲಿ ಉತ್ತರ ಬಂತು. ಖಾಲಿದ್(ರ) ಅವರೆದುರಿಗೇ ತಿಂದರು. ತಾವು ಬೆಳೆದು ಬಂದ ರುಚಿಯನ್ನು ಪ್ರವಾದಿ(ಸ) ಮತ್ತೊಬ್ಬರ ಮೇಲೆ ಕಾನೂನಾಗಿ ಹೇರಲಿಲ್ಲ! ನಾವು ಹೇರುತ್ತೇವೆ.

ಆದುದರಿಂದ ಅಪ್ಪಣೆ ಕೊಡುವ ಮುನ್ನ ಪ್ರತಿಯೊಬ್ಬ ತಂದೆ-ತಾಯಿ ಕೇಳಿಕೊಳ್ಳಲಿ: ಇದು ಅಲ್ಲಾಹನ ಆಜ್ಞೆಯೇ, ಮಗುವಿನ ದೇಹದ ಅಗತ್ಯವೇ, ಅಥವಾ ನನ್ನ ನೆನಪು ಮಾತ್ರವೇ? ಮೊದಲ ಎರಡರಲ್ಲಿ ದೃಢವಾಗಿರಿ. ದುಂದು ತಪ್ಪು, ಆದರೆ ಅದಕ್ಕೆ ಮದ್ದು ಬಲವಂತವಲ್ಲ, ಕಡಿಮೆ ಬಡಿಸಿ ಮತ್ತೆ ಕೇಳುವುದು. ಮೂರನೆಯದನ್ನು ಆಜ್ಞೆಯಾಗಿಸದೆ ಕಥೆಯಾಗಿ ಹೇಳಿರಿ. ಹೆತ್ತವರು ಹಸಿದ ದಿನಗಳು ಮಕ್ಕಳಿಗೆ ತಿಳಿದಿರಲೇಬೇಕು. ಆದರೆ ಆ ಹಸಿವನ್ನು ಅವರ ಹೊಟ್ಟೆಯಿಂದ ತೀರಿಸಿಕೊಳ್ಳಲಾಗದು.