‘ಇಲ್ಲಿ ಬಾ’ ಅಂದ್ರ

(ಪುಣೆ. ಫರ್ಗ್ಯುಸನ್ ಕಾಲೇಜಿನ ಹಿಂದಿನ ಹನುಮಾನ್ ಟೇಕಡಿ. ರವಿವಾರ ಮುಂಜಾನೆ. ಮಾಮಾ ಅಕ್ಕಲಕೋಟೆಯ ಕಡೆಯವರು. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಅವರ ಅಕ್ಕನ ಮಗಳು ಸುಧಾಗೆ ಹಿಂಜವಡಿಯಲ್ಲಿ ಕೆಲಸ, ಗಂಡ ಮರಾಠಿ. ಆರು ವರ್ಷದ ಮಗಳು ಚಿನ್ನಿ ತುಸು ದೂರದಲ್ಲಿ ಕಲ್ಲು ಆರಿಸುತ್ತಿದ್ದಾಳೆ.)

ಸುಧಾ: ಮಾಮಾ, ನಾ ಕನ್ನಡದಾಗ ಕೇಳಿದ್ರ ಚಿನ್ನಿ ಮರಾಠಿಯೊಳಗ ಉತ್ತರ ಕೊಡ್ತಾಳ. ಸಾಲ್ಯಾಗ ಇಂಗ್ಲಿಷ್, ಓಣ್ಯಾಗ ಮರಾಠಿ, ಮತ್ತ ಇದೊಂದು ಯಾಕ, ಕೂಸಿನ ತಲಿ ಕೆಡಿಸಬ್ಯಾಡ ಅಂತಾರ ಮನ್ಯಾಗ. ಕನ್ನಡದ್ದು ಏನು ಲಾಭ ಅಂತ ಒಂದು ಕಾರಣ ಹೇಳ್ರಿ, ಇವರಿಗೆ ಹೇಳ್ತೀನಿ.

ಮಾಮಾ: ಲಾಭ! ಎಲ್‌ಐಸಿ ಪಾಲಿಸಿ ಮಾರ್ಲಿಕ್ಕೆ ಹೊಂಟಿಯೇನು?

ಸುಧಾ: ಹಂಗಲ್ಲ. ಎರಡು ಭಾಷಾ ಬಂದ್ರ ಮೆದುಳು ಚುರುಕಾಗ್ತದ ಅಂತ ಓದೀನಿ.

ಮಾಮಾ: ನಾನೂ ಓದೀನಿ. ಹೈದರಾಬಾದಿನ ನಿಮ್ಸ್ ದವಾಖಾನಿಯೊಳಗ ಡಾಕ್ಟರ್ ಸುವರ್ಣಾ ಅಲ್ಲಾಡಿ ಮತ್ತ ಅವರ ಜೊತಿಗಾರರು ಮರೆವಿನ ಬ್ಯಾನಿ ಇದ್ದ 648 ಮಂದಿಯ ಲೆಕ್ಕಾ ತಗದು 2013ರಾಗ ಬರದ್ರು. ಒಂದೇ ಭಾಷಾ ಬರೋರಿಗಿಂತ ಹೆಚ್ಚು ಬರೋರಿಗೆ ಆ ಬ್ಯಾನಿ ಸುಮಾರು ನಾಲ್ಕೂವರೆ ವರ್ಷ ತಡಾ ಆಗಿ ಶುರು ಆಗಿತ್ತು. ಸಾಲಿ ಮೆಟ್ಟಲಾ ಹತ್ತದವರೊಳಗೂ ಹಂಗ ಕಂಡಿತ್ತು.

ಸುಧಾ: ನೋಡ್ರಿ ಮತ್ತ! ಇಷ್ಟು ಸಾಕು.

ಮಾಮಾ: ಸಾಕಾಗೂದಿಲ್ಲ. ಚುರುಕು ಅಳೀಲಿಕ್ಕೆ ಹೋದ ಬ್ಯಾರೆ ಮಂದಿಗೆ ಅಂಥಾದ್ದೇನೂ ಸಿಗಲಿಲ್ಲ ಅಂತನೂ ಬರದಾರ. ಅದು ಅವರ ಜಗಳ. ಆದ್ರ ಎಪ್ಪತ್ತರಾಗ ಬರೋ ಮರೆವಿನ ಸಲುವಾಗಿ ಆರು ವರ್ಷದ ಕೂಸಿಗೆ ಕನ್ನಡ ಕುಡಸ್ತೀಯೇನು? ಕನ್ನಡ ಏನು ಚ್ಯವನಪ್ರಾಶ?

ಸುಧಾ: (ನಗುತ್ತಾ) ಬಿಡ್ರಿ, ಸೋತೆ. ನೀವ ಹೇಳ್ರಿ.

ಮಾಮಾ: ನಿನ್ನ ಸಂಸಾರದ ಮ್ಯಾಲೆ ತುಕಾರಾಮ ಮಹಾರಾಜರು ಹದಿನೇಳನೇ ಶತಮಾನದಾಗನ ಒಂದು ಅಭಂಗ ಕಟ್ಟಿ ಇಟ್ಟಾರ, ಗೊತ್ತದೇನು?

ಸುಧಾ: ನನ್ನ ಸಂಸಾರದ ಮ್ಯಾಲೆ?

ಮಾಮಾ: ಕನ್ನಡದಾಕಿ ಒಬ್ಬಾಕಿ ಮರಾಠಿ ಗಂಡನ್ನ ಮಾಡಿಕೊಂಡ್ಳಂತ. ಒಬ್ಬರ ಮಾತು ಒಬ್ಬರಿಗೆ ತಿಳಿಯೂದಿಲ್ಲ. ಆಕಿ ‘ಇಲ್ಲಿ ಬಾ’ ಅಂತ ಕರದ್ರ ಅಂವ ಇನ್ನೇನೋ ತಿಳಕೊಂಡು ಓಡಿಹೋದ. ‘ದೇವರೇ, ನನಗ ಇಂಥಾ ಜೋಡಿ ಮಾಡಬ್ಯಾಡ, ಸಜ್ಜನರ ಸಂಗ ಕೊಡು’ ಅಂತ ತುಕೋಬಾ ಬೇಡಿಕೊಳ್ತಾರ. ಇದನ್ನ ಓದಿದವರೆಲ್ಲಾ ಹೇಳೂದು ಏನಪಾ ಅಂದ್ರ, ಭಾಷಾ ಬ್ಯಾರೆ ಆದ್ರ ಬಾಳೇವು ಕಷ್ಟ. ನನಗ ಬ್ಯಾರೇನ ಕಾಣ್ತದ. ಆ ಅಭಂಗದಾಗ ‘ಇಲ್ಲಿ ಬಾ’ ಅನ್ನೂದು ಕನ್ನಡದಾಗನ ಅದ. ಅರ್ಥ ಬಿಡಿಸಿ ಹೇಳಿಲ್ಲ. ದೇಹೂ ಊರಾಗ ಕುಂತು ಕೇಳೋ ಮಂದಿಗೆ ಆ ಎರಡು ಮಾತು ಗೊತ್ತಿರಲಿಲ್ಲ ಅಂದ್ರ ಯಾರು ನಗತಿದ್ರು? ತಿಳಿಯೂದಿಲ್ಲ ಅನ್ನೂದನ್ನ ಹೇಳ್ಲಿಕ್ಕೂ ಎರಡೂ ಕಡೆ ತಿಳದವರು ಬೇಕಾದ್ರು. ಅಭಂಗದಾಗಿನ ಗಂಡನಿಗೆ ತಿಳೀಲಿಲ್ಲ, ಕೇಳಿದವರಿಗೆ ತಿಳೀತು. ಪಂಢರಪುರದ ವಾರಿಯೊಳಗ ಕನ್ನಡದವರೂ ನಡೀತಿದ್ರು. ಜ್ಞಾನೇಶ್ವರರು ವಿಠ್ಠಲನ್ನ ‘ಕಾನಡಾ’ ಅಂತ ಕರದ್ರು. ಮರಾಠಿಯೊಳಗ ಆ ಮಾತಿಗೆ ‘ತಿಳಿಯಲಾರದ್ದು’ ಅಂತನೂ ಅರ್ಥ ಹಚ್ಚತಾರ. ತಿಳಿಯಲಾರದ ಆ ದೇವರನ್ನ ನೋಡ್ಲಿಕ್ಕೆ ಇವತ್ತಿಗೂ ಆಳಂದಿಯಿಂದ ನಡಕೊಂಡು ಹೋಗ್ತಾರ.

ಸುಧಾ: ಆದ್ರ ಇವರಿಗೂ ನನಗೂ ಮಾತು ತಿಳೀತದ ಮಾಮಾ. ನಾ ಮರಾಠಿ ಮಾತಾಡ್ತೀನಿ.

ಮಾಮಾ: ಅದ, ನೀ ಆಡ್ತೀ. ಅಂವಗ ‘ಇಲ್ಲಿ ಬಾ’ ಗೊತ್ತದೇನು?

ಸುಧಾ: ... ಊಟ ಆತಾ ಅಂತ ಕೇಳ್ತಾರ.

ಮಾಮಾ: ಶುರು ಆತು. ಇದೇ ಪುಣೆಯೊಳಗ ಉಮಾ ಕುಲಕರ್ಣಿ, ವಿರೂಪಾಕ್ಷ ಕುಲಕರ್ಣಿ ದಂಪತಿ ಏನು ಮಾಡಿದ್ರು ಗೊತ್ತೇನು? ವಿರೂಪಾಕ್ಷ ಅವರು ಕನ್ನಡ ಪುಸ್ತಕ ಓದಿ ಹೇಳೂದು, ಉಮಾ ಅವರು ಕೇಳಿ ಮರಾಠಿ ಬರಿಯೂದು. ಕಾರಂತರು, ಭೈರಪ್ಪನವರು ಹಂಗ ಮರಾಠಿ ಮನಿಯೊಳಗ ಹೋದ್ರು. ವಿರೂಪಾಕ್ಷ ಅವರೂ ಮರಾಠಿಯಿಂದ ಕನ್ನಡಕ್ಕ ತಂದ್ರು. ಇದರಾಗ ಮೆದುಳು ಯಾರದು ಚುರುಕಾತು ಅಂತ ಕೇಳ್ತೀಯೇನು? ಎರಡನೇ ಭಾಷಾ ಒಬ್ಬರ ತಲಿಯೊಳಗಿನ ಗಂಟಲ್ಲ. ಅದು ಇಬ್ಬರ ನಡುವ ಇರ್ತದ, ಹಾಸಗಿ ಮ್ಯಾಲೆ ಇಟ್ಟ ಎಲಿ-ಅಡಕಿ ತಬಕದಂಗ.

ಸುಧಾ: ಹೌದು, ಖರೆ.

ಮಾಮಾ: ಇನ್ನೊಂದು ಅದ. ನಾ ಪಿಂಪ್ರಿಗೆ ಬಂದ ಹೊಸದಾಗ ‘ಮಾಝಾ ಭಾಕರೀ’ ಅಂದೆ. ಕ್ಯಾಂಟೀನ್ ತುಂಬ ನಕ್ರು. ಭಾಕರೀ ಹೆಣ್ಣು, ‘ಮಾಝೀ’ ಅನಬೇಕು. ಚಹಾ ಗಂಡು, ಕಾಫಿ ಹೆಣ್ಣು, ಹಾಲು ನಪುಂಸಕ. ಚಹಾಕ್ಕ ಮೀಸಿ ಎಲ್ಲಿ ಬಂದಾವು ಅಂತ ರಾತ್ರಿಯೆಲ್ಲಾ ವಿಚಾರ ಮಾಡೀನಿ! ನಮಗ ಮೂರೂ ‘ಅದು’. ಅವತ್ತಿನ ತನಕಾ ನಾ ರೊಟ್ಟಿ ಅಂದ್ರ ಅದು ರೊಟ್ಟಿನ ಅಂತ ತಿಳಕೊಂಡಿದ್ದೆ. ಆಮ್ಯಾಲೆ ತಿಳೀತು, ವಸ್ತು ಒಂದು, ಅದಕ್ಕ ಹಾಕೋ ಅಂಗಿ ಬ್ಯಾರೆ ಬ್ಯಾರೆ, ನನ್ನ ಭಾಷಾದ್ದೂ ಒಂದು ಅಂಗಿನ. ಒಂದೇ ಭಾಷಾ ಬರಾಂವ ತನ್ನ ಅಂಗಿಗೆ ಚರ್ಮ ಅಂತಾನ. ಮತ್ತ ತಪ್ಪು ಮಾತಾಡಿ ನಗಿಸಿಕೊಂಡವನಿಗೆ ಇನ್ನೊಬ್ಬನ ತಪ್ಪಿಗೆ ನಗಲಿಕ್ಕೆ ಅವಸರಾ ಇರೂದಿಲ್ಲ. ಬಿಹಾರದ ಹುಡುಗ ಮರಾಠಿ ಮುರದು ಮಾತಾಡಿದ್ರ ನಾ ಸುಮ್ನ ಕುಂತು ಕೇಳ್ತೀನಿ.

ಸುಧಾ: ಹಂಗಾದ್ರ ಇಲ್ಲಿ ಸಾಲ್ಯಾಗ ಒಂದನೇ ಇಯತ್ತೆಯಿಂದ ಹಿಂದಿ ಕಲಿಸಬೇಕು ಅಂತ ಸರಕಾರ ಅಂದಾಗ ಯಾಕ ಅಷ್ಟು ಗದ್ದಲಾ ಎದ್ದಿತು? ಅದೂ ಇನ್ನೊಂದು ಅಂಗಿನ ಅಲ್ಲೇನು?

ಮಾಮಾ: ಅಂಗಿ ತಾ ಹಾಕ್ಕೊಳ್ಳೂದು ಬ್ಯಾರೆ, ಇನ್ನೊಬ್ಬರು ಕೈ ಹಿಡದು ತೊಡಸೂದು ಬ್ಯಾರೆ. 2025ರ ಏಪ್ರಿಲ್‌ದಾಗ ಆದೇಶ ಬಂತು, ಜೂನ್ ಮುಗಿಯೂದ್ರಾಗ ಸರಕಾರನ ವಾಪಸ್ ತಗೊಂಡಿತು. ಇಲ್ಲೆ ಮರಾಠಿಯವರು ಹಿಂದಿಗೆ ಹೇಳಿದ್ದನ್ನ ಬೆಳಗಾವ್ಯಾಗ ನಮ್ಮವರು ಮರಾಠಿಗೆ ಹೇಳ್ತಾರ, ಇತ್ಲಾಕಡೆ ಅಕ್ಕಲಕೋಟಿಯೊಳಗ ಕನ್ನಡ ಸಾಲಿ... ಬ್ಯಾಡ, ಈ ಮಾತು ಹಿಡದ್ರ ಟೇಕಡಿ ಇಳಿಯೂದ್ರಾಗ ಹೊತ್ತು ಮುಳಗ್ತದ. ಎಲ್ಲಿದ್ದೆ ನಾ?

ಸುಧಾ: ಅಂಗಿ.

ಮಾಮಾ: ಹಾಂ. ಎರಡೂ ಅಂಗಿ ತೊಟ್ಟವರನ್ನ ನೋಡು. ಈ ಟೇಕಡಿ ಕೆಳಗಿನ ಕಾಲೇಜಿನಾಗ ಬೇಂದ್ರೆಯವರು ಓದಿದ್ರು, 1918ರಾಗ ಬಿ.ಎ. ಮನಿ ಮಾತು ಮರಾಠಿ, ಕವಿ ಆಗಿದ್ದು ಕನ್ನಡಕ್ಕ. ಜಮಖಂಡಿಯ ಗುರುದೇವ ರಾನಡೆ ಇಲ್ಲೇ ಕಲಿಸಿದ್ರು. ಮಹಾರಾಷ್ಟ್ರದ ಸಂತರ ಮ್ಯಾಲೆ ಬರದ್ರು, ಹಿಂದಿ ಸಂತರ ಮ್ಯಾಲೆ ಬರದ್ರು, ಕನ್ನಡದವರ ಮ್ಯಾಲೂ ಬರದ್ರು. ಗದಗಿನ ಕಡೆಯ ಭೀಮಸೇನ ಜೋಶಿಯವರು ಈ ಊರಾಗನ ಇದ್ದು ಅಭಂಗನೂ ಹಾಡಿದ್ರು, ದಾಸರ ಪದಾನೂ ಹಾಡಿದ್ರು. ನಿಮ್ಮತ್ತಿ ಮನಿಯೊಳಗ ‘ತೂಪ’ ಅಂತ ಬಡಸ್ತಾರಲ್ಲ, ಅದು ನಮ್ಮ ತುಪ್ಪ. ಅಡಕಿ ಕತ್ತರಸೋ ‘ಅಡಕಿತ್ತಾ’ನೂ ನಮ್ಮ ಕಡೆದು. ನಾವು ‘ಖರೆ’ ಅಂತೀವಲ್ಲ, ಈಗ ನೀ ಅಂದೆಲ್ಲ, ಅದು ಅವರದು. ಕೊಟ್ಟು ತಗೊಂಡು ಎಷ್ಟೋ ನೂರು ವರ್ಷ ಆಗ್ಯಾವ. ಚಿನ್ನಿಗೆ ಕನ್ನಡ ಕಲಿಸಬ್ಯಾಡ ಅಂದ್ರ ಆಕಿಗೆ ಗುಣಾಕಾರ ಏನೂ ತಪ್ಪೂದಿಲ್ಲ. ಆಕಿಗೆ ನೀ ತಪ್ಪತೀ. ನಿಮ್ಮವ್ವನ ಕೂಡ ಫೋನಿನಾಗ ಜಗಳಾಡ್ತೀಯಲ್ಲ, ಆ ಸುಧಾ ಆಕಿಗೆ ಸಿಗೂದಿಲ್ಲ. ಮರಾಠಿಯೊಳಗ ನೀ ಭಾಳ ಶಾಣ್ಯಾಕಿ, ಭಾಳ ಮೆತ್ತಗ. ಕೂಸಿಗೆ ಬರೇ ಅರ್ಧ ತಾಯಿ.

ಸುಧಾ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಮಾಮಾ, ನೀವು ನಿಮ್ಮ ಮಕ್ಕಳು ಶಿರೀಷ, ಮಿಲಿಂದ ಸಣ್ಣವರಿದ್ದಾಗ ಅವರ ಕೂಡ ಯಾವ ಭಾಷಾದಾಗ ಮಾತಾಡ್ತಿದ್ರಿ?

ಮಾಮಾ: ಆವಾಗ ಶಿಫ್ಟ್ ಡ್ಯೂಟಿ. ಎಂಟು ತಾಸು ಮರಾಠಿ ಮಾತಾಡಿ ಬಂದವನಿಗೆ ಬಾಯಿ ಹೊಳ್ಳತಿರಲಿಲ್ಲ.

ಸುಧಾ: ಅವರಿಗೆ ಕನ್ನಡ...

ಮಾಮಾ: ಬಿಸಲು ಏರ್ಲಿಕ್ಕೆ ಹತ್ತೇದ. ಚಿನ್ನೀ, ಇಲ್ಲಿ ಬಾ ಅವ್ವಾ!

(ಚಿನ್ನಿ ಓಡಿಬಂದು ಮುಷ್ಟಿ ಬಿಚ್ಚುತ್ತಾಳೆ.)

ಚಿನ್ನಿ: ಅಜ್ಜಾ, ಹಾ ದಗಡ ಬಘಾ!

ಮಾಮಾ: ಅರೇ ವಾ! ಕುಠೇ ಮಿಳಾಲಾ?